ಓದಿದ್ದೇನೆ ಎಂದು ಒಂದು ಸಹಿ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮಾಲೀಕರ ಸಂಘಕ್ಕೆ ನಿವೃತ್ತ ಹೆಡ್‌ಮಾಸ್ತರೊಬ್ಬರು ಕಾರ್ಯದರ್ಶಿ. ಏಳನೇ ಕ್ಲಾಸಿನಲ್ಲಿ ನನಗೂ ಪಾಠ ಮಾಡಿದವರು. ವಾಟ್ಸಾಪಿನಲ್ಲಿ ಬಂದದ್ದೆಲ್ಲ ಅವರಿಗೆ ವೇದವಾಕ್ಯ. ಕರೆಂಟ್ ಸಬ್ಸಿಡಿ ಎಂಬ ಇಮೇಲ್ ತೆರೆದರೆ ಸಾಕು, ಫೋನೇ ಸುಟ್ಟುಹೋಗುತ್ತದೆ ಎಂದು ಒಂದು ದಿನ ಊರನ್ನೆಲ್ಲ ಹೆದರಿಸಿದರು.

“ಮೇಲ್ ತೆಗೆದ್ರೆ ಏನೂ ಸುಡಲ್ಲ ಮೇಷ್ಟ್ರೇ. ಅದರಲ್ಲಿರೋ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ರೆ ಮಾತ್ರ ಮನೆ ಹಾಳು,” ಎಂದೆ.

“ನೀನು ಆವತ್ತೂ ಅಧಿಕಪ್ರಸಂಗಿನೇ, ಸುಮ್ನಿರೋ,” ಎಂದರು.

ಮರುದಿನ ಸಂಘದ ಬೀದಿಬಾಗಿಲಿಗೆ ನೋಟೀಸು ಅಂಟಿತ್ತು: ‘ನಿಮ್ಮ ಇಮೇಲ್ ವಿಳಾಸವನ್ನು ಯಾರಿಗೂ ಕೊಡಬೇಡಿ.’ ಸ್ಕೂಲಿನ ಸರ್ಕ್ಯುಲರ್ ಚಟ ಎಲ್ಲಿ ಹೋಗುತ್ತದೆ? ಓದಿದ್ದಕ್ಕೆ ಗುರುತಾಗಿ ಕೆಳಗೆ ಹೆಸರು, ಮೊಬೈಲ್, ಇಮೇಲ್, ಸಹಿ ಎಂದು ಗೆರೆ ಎಳೆದು, ರೇಷ್ಮೆ ದಾರದಲ್ಲಿ ಪೆನ್ನು ಕಟ್ಟಿ ಇಳಿಬಿಟ್ಟಿದ್ದರು. ನಮ್ಮ ಮಾಲೀಕ ಮಹಾಶಯರು ಕುರಿಗಳ ಹಾಗೆ ಒಬ್ಬರ ಹಿಂದೊಬ್ಬರು ಬಂದು ಎಲ್ಲವನ್ನೂ ಬರೆದು ಹೋದರು. ಇಂಥ ದಡ್ಡರ ಮಧ್ಯೆ ಬಾಳಬೇಕಲ್ಲ ಎಂದು ನಾನು ಮೂಗು ಮುರಿಯುತ್ತಾ ನಿಂತಿದ್ದೆ.

“ಯಾಕೋ, ನೀನು ಬರೆಯಲ್ವಾ?” ಹಿಂದಿನಿಂದ ಮೇಷ್ಟ್ರ ದನಿ.

ಅವರ ಬೆತ್ತದ ರುಚಿ ಕಂಡಿದ್ದ ಕೈ, ನನ್ನನ್ನು ಒಂದು ಮಾತೂ ಕೇಳದೆ ಪೆನ್ನು ಹಿಡಿಯಿತು.

ಸಂಜೆ ಆ ಹಾಳೆಯ ಫೋಟೋವನ್ನು, ‘ನಮ್ಮವರು ಎಚ್ಚೆತ್ತಿದ್ದಾರೆ, ಎಲ್ಲರಿಗೂ ಕಳಿಸಿ’ ಎಂದು ಅವರು ವಾಟ್ಸಾಪ್ ಗುಂಪಿಗೆ ಹಾಕಿದರು. ಆ ದಡ್ಡರೆಲ್ಲ ಕೋಳಿ ಕಾಲಿನಲ್ಲಿ ಗೀಚಿದ್ದರು. ಕಳ್ಳನಿಗೆ ಕಷ್ಟವಿಲ್ಲದೆ ಓದಲು ಬರುವಂತಿದ್ದದ್ದು ಒಂದೇ ವಿಳಾಸ, ದುಂಡಗೆ ಬರೆದ ನನ್ನದು.