ತಾಮ್ರದ ಕಂಪನಿಗೆ ಸುಮತಿಯ ಪ್ರಶ್ನೆ

ಸ್ನೇಹಿತರೇ, ಇವತ್ತು ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಕುಳಿತು ನನ್ನ ಹೆಂಡತಿ ಸುಮತಿ ಒಂದು ಕಂಪನಿಯ ಅಧ್ಯಕ್ಷರನ್ನೇ ಪ್ರಶ್ನಿಸಿದಳು.

ತಾಮ್ರ, ಚಿನ್ನ ಹುಡುಕುವ ಆ ಕಂಪನಿಯ ಷೇರುಗಳನ್ನು ಅವಳು ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಲ್ಲಿ ಕೊಂಡು ವರ್ಷಗಳೇ ಆದವು. ಬೆಲೆ ಬಿದ್ದಾಗಲೂ ಮಾರಲಿಲ್ಲ. ಬೆಳಿಗ್ಗೆ ಷೇರುದಾರರ ವಾರ್ಷಿಕ ಸಭೆ ಆನ್‌ಲೈನಿನಲ್ಲಿತ್ತು. ಮೊದಲು ಮಾತಾಡಿದವರೆಲ್ಲ ಅಧ್ಯಕ್ಷರನ್ನು ಹೊಗಳಿದರು. ಇವಳು ಹಿಂದಿಯಲ್ಲಿ ನೇರವಾಗಿ ಕೇಳಿದಳು: "ಸರ್, ಚಿನ್ನ ಸಿಕ್ಕ ಜಾಗಗಳ ಬಗ್ಗೆ ಹೇಳಿದಿರಿ. ಕೊರೆದೂ ಏನೂ ಸಿಗದ ಜಾಗಗಳು ಯಾವುವು?"

ಅಧ್ಯಕ್ಷರು ನಕ್ಕು, "ಮೇಡಂ, ಥೋಡಾ ಧೈರ್ಯ ರಖಿಯೇ" ಅಂದರು. ಸ್ವಲ್ಪ ತಾಳ್ಮೆ ಇರಲಿ ಎಂದರ್ಥ; ಹಿಂದಿಯಲ್ಲಿ ಧೈರ್ಯವೆಂದರೆ ತಾಳ್ಮೆ.

"ತಾಳ್ಮೆ ಇಲ್ಲದಿದ್ದರೆ ಯಾವಾಗಲೋ ಮಾರುತ್ತಿದ್ದೆ ಸರ್. ನಮ್ಮ ಕನ್ನಡದಲ್ಲಿ ಧೈರ್ಯಕ್ಕೆ ಬೇರೆ ಅರ್ಥ. ಅದೂ ನನಗೆ ಉಂಟು. ಕೆಟ್ಟ ಸುದ್ದಿಯನ್ನೂ ಹೇಳಿ."

ನಾನು ಗಾಬರಿಯಾಗಿ ಸಾಕೆಂದು ಸನ್ನೆ ಮಾಡಿದೆ.

"ನೀವು ಸುಮ್ನಿರಿ ಮಾರಾಯ್ರೆ" ಅಂದಳು. ಅದನ್ನೂ ಇಡೀ ಸಭೆ ಕೇಳಿಸಿಕೊಂಡಿತು.

ಈ ಸಲ ಅಧ್ಯಕ್ಷರು ನಗಲಿಲ್ಲ. ಒಂದು ಗುಡ್ಡದಲ್ಲಿ ಕೊರೆದಲ್ಲೆಲ್ಲ ಬರೀ ಕಲ್ಲೇ ಸಿಕ್ಕಿತೆಂದು ಒಪ್ಪಿಕೊಂಡರು. ಮುಂದೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಪ್ರಕಟಿಸುವುದಾಗಿ ಹೇಳಿದರು.

ಮಧ್ಯಾಹ್ನ ಷೇರಿನ ಬೆಲೆ ಇನ್ನಷ್ಟು ಇಳಿಯಿತು. ನಾನು ಅವಳ ಮುಖ ನೋಡಿದೆ.

"ಇಳೀಲಿ. ಸತ್ಯ ಗೊತ್ತಾಯ್ತಲ್ಲ, ಇನ್ನು ಆರಾಮಾಗಿ ಕಾಯಬಹುದು" ಅಂದಳು.

ಮದುವೆಯಾದಾಗಿನಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಂದವನು ನಾನು. ಹಾಗಾಗಿ ಹೆಂಡತಿಯ ಬಗ್ಗೆ ಬಹಳ ಹೆಮ್ಮೆಯಾಯಿತು, ಅಧ್ಯಕ್ಷರ ಬಗ್ಗೆ ಸ್ವಲ್ಪ ಕನಿಕರವೂ ಆಯಿತು.