ನಕ್ಷೆಯಿಲ್ಲದ ಮೆಷಿನ್

ಕೊಡ್ಲಿಪೇಟೆಯಿಂದ ಶನಿವಾರಸಂತೆಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಶಿವಶಂಕರಪ್ಪನ ಶೆಡ್ಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟವರು, ಔಷಧಿ ಹೊಡೆಯುವ ಪಂಪು ಕೈಕೊಟ್ಟವರು, ಟಿಲ್ಲರಿನ ಬ್ಲೇಡು ಮುರಿದುಕೊಂಡವರು ತಾವೇ ಕೇಳಿಕೊಂಡು ಬಂದು ನಿಲ್ಲುತ್ತಿದ್ದರು. ಒಳಗೆ ಒಂದು ಹಳೆಯ ಲೇತು, ಒಂದು ವೆಲ್ಡಿಂಗ್ ಮೆಷಿನ್, ಗೋಡೆಗೆ ಒರಗಿಸಿದ ಹಾಸನದ ಗುಜರಿ ಕಬ್ಬಿಣ. ಹದಿನೆಂಟು ವರ್ಷದಿಂದ ಜೊತೆಗಿದ್ದ ವೆಲ್ಡರ್ ರೇವಣ್ಣ. ಇಷ್ಟೇ ಆಸ್ತಿ.

ಶಿವಶಂಕರಪ್ಪನ ಅಪ್ಪನಿಗೆ ಮಗ ಹೊಲಗದ್ದೆ ನೋಡಿಕೊಳ್ಳಲಿ ಎಂಬ ಆಸೆಯಿತ್ತು. ಮಗನಿಗೆ ಊರಿನ ಅಕ್ಕಿ ಗಿರಣಿಯ ಇಂಜಿನ್ನಿನ ಮುಂದೆ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಅದೇ ಗಿರಣಿಯಲ್ಲಿ ಒಂಬತ್ತು ವರ್ಷ ಫಿಟ್ಟರ್ ಕೆಲಸ ಮಾಡಿದ. ಗಿರಣಿ ಮುಚ್ಚಿದ ದಿನ ಅಲ್ಲಿದ್ದ ಲೇತನ್ನು ಕೊಂಡು ಗಾಡಿಗೆ ಹಾಕಿಸಿಕೊಂಡು ಬಂದು, ಅಪ್ಪನ ಜಮೀನಿನ ರಸ್ತೆ ಅಂಚಿಗೆ ಶೀಟು ಹೊದಿಸಿ ಕೂತ.

ಮೆಣಸು ಬಿಡಿಸುವ ಮೆಷಿನ್ ಮಾಡು ಅಂತ ಅವನಿಗೆ ಹೇಳಿದ್ದು ಹೆಂಡತಿ ಸರ್ವಮಂಗಳ. ಮಾರ್ಚ್ ತಿಂಗಳಲ್ಲಿ ಬಳ್ಳಿಯಿಂದ ಕೊಯ್ದು ತಂದ ಕರಿಮೆಣಸಿನ ಗೊಂಚಲುಗಳನ್ನು ಕಣದಲ್ಲಿ ರಾಶಿ ಹಾಕಿ ಹೆಂಗಸರು ಕಾಲಲ್ಲಿ ತುಳಿದು ಕಾಳು ಬಿಡಿಸುವುದು ಆ ಕಡೆಯ ರೂಢಿ. ನಾಲ್ಕು ದಿನ ತುಳಿದರೆ ಅಂಗಾಲು ಸುಲಿಯುತ್ತದೆ, ಬೆರಳ ಸಂದಿಯೆಲ್ಲ ಉರಿ. ಹಾಗೆ ತುಳಿದು ಬಂದ ಒಂದು ಸಂಜೆ ಸರ್ವಮಂಗಳ ಜಗಲಿಯ ಮೇಲೆ ಕೂತು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ, "ಊರೋರ ಮೆಷಿನ್ನೆಲ್ಲ ರಿಪೇರಿ ಮಾಡ್ತೀರ. ನಮ್ಮ ಕಾಲಿನ ಕೆಲಸಕ್ಕೂ ಒಂದು ಮೆಷಿನ್ ಮಾಡಿ ನೋಡೋಣ," ಎಂದಳು. ಅವಳು ಸಿಟ್ಟಿನಲ್ಲಿ ಹೇಳಿದ್ದಳು. ಅವನು ಅದನ್ನು ಮನಸ್ಸಿಗೆ ಹಾಕಿಕೊಂಡ.

ಮೊದಲ ವರ್ಷ ಮಾಡಿದ್ದು ಕಾಳನ್ನೆಲ್ಲ ಜಜ್ಜಿ ಹಾಕಿತು. ಎರಡನೆಯ ವರ್ಷದ್ದು ಕಾಳಿನ ಜೊತೆ ಕಡ್ಡಿಯನ್ನೂ ಉಗುಳಿತು. ಮೂರನೆಯ ಸಲ ಉರುಳೆಗೆ ಕಬ್ಬಿಣದ ಹಲ್ಲಿನ ಬದಲು ಹಳೆಯ ಬೆಲ್ಟಿನ ರಬ್ಬರ್ ಪಟ್ಟಿ ಕೂರಿಸಿ, ಕೆಳಗೆ ಜರಡಿಯನ್ನು ಕೊಂಚ ಓರೆ ಮಾಡಿದ. ಕಾಳು ಒಂದು ಕಡೆ, ಕಡ್ಡಿ ಇನ್ನೊಂದು ಕಡೆ, ಮಳೆ ಬಿದ್ದಂಥ ಸದ್ದಿನಲ್ಲಿ ಉದುರಿದವು. ಅಕ್ಕಪಕ್ಕದ ಊರಿನವರಿಗೆ ನಾಲ್ಕು ವರ್ಷದಲ್ಲಿ ಹನ್ನೊಂದು ಮೆಷಿನ್ ಮಾಡಿಕೊಟ್ಟ.

ಶ್ರೀಮಂಗಲದ ಉತ್ತಯ್ಯ ಬಂದದ್ದು ಆಮೇಲೆ. ದಕ್ಷಿಣ ಕೊಡಗಿನ ಆ ಮೂಲೆಯಲ್ಲಿ ಮೆಣಸು ಬೆಳೆಗಾರರದ್ದೊಂದು ಸಂಘವಿತ್ತು. ಅದಕ್ಕೆ ಅವರೇ ಅಧ್ಯಕ್ಷರು. ಶನಿವಾರಸಂತೆಯ ಹತ್ತಿರ ಸ್ನೇಹಿತರ ತೋಟಕ್ಕೆ ಬಂದಾಗ ಮೆಷಿನ್ ಓಡುವುದನ್ನು ಕಂಡು, ಜೀಪು ತಿರುಗಿಸಿಕೊಂಡು ನೇರ ಶೆಡ್ಡಿಗೇ ಬಂದಿದ್ದರು. ಬಿಡಿಸಿದ ಕಾಳನ್ನು ಬೊಗಸೆಯಲ್ಲಿ ತುಂಬಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಎಂಥ ಮಾರಾಯ್ರೇ, ಒಂದು ಕಾಳೂ ಸಿಪ್ಪೆ ಎದ್ದಿಲ್ಲವಲ್ಲ!"

"ಎದ್ರೆ ನಂಗೆ ಮನೇಲಿ ಊಟ ಸಿಗಲ್ಲ ಸಾರ್," ಎಂದ ಶಿವಶಂಕರಪ್ಪ.

ಉತ್ತಯ್ಯ ಜೋರಾಗಿ ನಕ್ಕರು. ಆಮೇಲೆ ಸ್ಟೂಲಿನ ಮೇಲೆ ಕೂತು ಸಾವಧಾನವಾಗಿ ಮಾತಾಡಿದರು. "ನಮಗೆ ನಲವತ್ತು ಬೇಕು. ಆದ್ರೆ ಒಂದು ವಿಷಯ ಉಂಟು. ಮೆಂಬರ್ಸ್ ಎಲ್ಲ ಸಬ್ಸಿಡಿ ಕೇಳ್ತಾರೆ. ಅರ್ಧ ಸರ್ಕಾರ ಕೊಡುವಾಗ ಪೂರ್ತಿ ಕೈಯಿಂದ ಯಾರು ಹಾಕ್ತಾರೆ ಹೇಳಿ? ಸಬ್ಸಿಡಿ ಸಿಗ್ಬೇಕಾದ್ರೆ ನಿಮ್ಮ ಮೆಷಿನ್ ತೋಟಗಾರಿಕೆ ಇಲಾಖೆ ಪಟ್ಟೀಲಿ ಇರ್ಬೇಕು. ಅಷ್ಟು ಮಾಡ್ಕೊಳ್ಳಿ, ಉಳಿದದ್ದು ನನಗೆ ಬಿಡಿ."

ನಲವತ್ತು! ಅವರು ಹೋದ ಮೇಲೆ ರೇವಣ್ಣ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ, "ಅಣ್ಣ, ಇಬ್ಬರ ಕೈಲಿ ಆಗಲ್ಲ. ಇನ್ನೂ ಮೂರು ಜನ ಬೇಕು," ಎಂದ. ಆ ರಾತ್ರಿ ಊಟಕ್ಕೆ ಕೂತಾಗಲೂ ಶಿವಶಂಕರಪ್ಪ ತಟ್ಟೆಯ ಪಕ್ಕ ಬೆರಳಲ್ಲಿ ಗೆರೆ ಎಳೆಯುತ್ತಾ ಶೆಡ್ಡನ್ನು ಎಲ್ಲಿಯವರೆಗೆ ಬೆಳೆಸಬಹುದು ಎಂದು ಸರ್ವಮಂಗಳಳಿಗೆ ತೋರಿಸುತ್ತಿದ್ದ.

ಪಟ್ಟಿಗೆ ಸೇರಬೇಕಾದರೆ ಮೊದಲು ಕೃಷಿಯಂತ್ರಗಳ ಪರೀಕ್ಷಾ ಕೇಂದ್ರದ ಸರ್ಟಿಫಿಕೇಟು ಬೇಕೆಂದು ಗೊತ್ತಾಯಿತು. ಇದ್ದುದರಲ್ಲಿ ಚೆನ್ನಾಗಿದ್ದ ಮೆಷಿನ್ನಿಗೆ ಹಸಿರು ಬಣ್ಣ ಹೊಡೆದು, ಪಿಕಪ್ಪಿಗೆ ಹಗ್ಗ ಬಿಗಿದು, ಅವನೂ ರೇವಣ್ಣನೂ ಬೆಳಕು ಹರಿಯುವ ಮೊದಲೇ ಹೊರಟರು. ಎಂಟು ಗಂಟೆಯ ದಾರಿ. ಕೇಂದ್ರದ ಅಧಿಕಾರಿ ಒಳ್ಳೆಯ ಮನುಷ್ಯ. ಎರಡು ಮೂಟೆ ಮೆಣಸು ಹಾಕಿಸಿ, ಓಡಿಸಿ ನೋಡಿ, ಈವರೆಗೆ ಮಾರಿದ್ದೆಷ್ಟು, ಮುಂದೆ ಮಾರುವುದೆಷ್ಟು ಎಂದೆಲ್ಲ ಕೇಳಿ ತಿಳಿದು, ಮೆಚ್ಚಿಕೊಂಡರು. ಆಮೇಲೆ ಕೈ ಚಾಚಿದರು.

"ಡ್ರಾಯಿಂಗ್ ಕೊಡಿ."

"ಎಂಥ ಡ್ರಾಯಿಂಗ್ ಸಾರ್?"

"ಮೆಷಿನ್ನಿನ ನಕ್ಷೆ. ಪ್ರತಿ ಭಾಗದ ಅಳತೆ."

ಶಿವಶಂಕರಪ್ಪ ರೇವಣ್ಣನ ಮುಖ ನೋಡಿದ. "ಅದೆಲ್ಲ ತಲೇಲಿದೆ ಸಾರ್."

ಅಧಿಕಾರಿ ಬೇಸರ ಮಾಡಿಕೊಳ್ಳಲಿಲ್ಲ. "ನೋಡಿ, ಇದು ಒಳ್ಳೆ ಮೆಷಿನ್. ನನಗೆ ಅನುಮಾನವೇ ಇಲ್ಲ. ಆದರೆ ನಾನು ಸರ್ಟಿಫಿಕೇಟು ಕೊಡೋದು ಈ ಒಂದು ಮೆಷಿನ್ನಿಗಲ್ಲ. ನಾಳೆ ನೀವು ಮಾರೋ ನಲವತ್ತೂ ಹೀಗೇ ಇರುತ್ತವೆ ಅನ್ನೋದಕ್ಕೆ. ನೀವು ಈವರೆಗೆ ಮಾಡಿದ ಹನ್ನೊಂದೂ ಒಂದೇ ಥರ ಇದ್ದಾವಾ?"

"ಇಲ್ಲ ಸಾರ್," ಎಂದ ಶಿವಶಂಕರಪ್ಪ. ಒಂದೊಂದೂ ಒಂದೊಂದು ಥರ. ಗುಜರಿಯಲ್ಲಿ ಯಾವ ಪೈಪು ಸಿಕ್ಕಿತೋ ಆ ಉರುಳೆ, ಯಾವ ರಾಡು ಸಿಕ್ಕಿತೋ ಆ ಶಾಫ್ಟು. ಸದ್ದು ಕೇಳಿ, ಕೈಯಿಟ್ಟು ನೋಡಿ ಸರಿ ಮಾಡುತ್ತಿದ್ದ. ಅದೇ ತನ್ನ ಹೆಚ್ಚುಗಾರಿಕೆ ಎಂದು ಇಷ್ಟು ದಿನ ತಿಳಿದಿದ್ದ.

ನಕ್ಷೆ ಬರೆದುಕೊಟ್ಟವಳು ತಮ್ಮನ ಮಗಳು ದಿವ್ಯಶ್ರೀ. ತಮ್ಮ ರೇಣುಕಪ್ರಸಾದ್ ಶನಿವಾರಸಂತೆಯಲ್ಲಿ ಮೇಷ್ಟ್ರು. ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹಾಸನದ ಒಂದು ಕಾರ್ಖಾನೆಗೆ ಸೇರಿದ್ದಳು. ದೊಡ್ಡಪ್ಪನ ಕಷ್ಟ ಕೇಳಿ ಭಾನುವಾರಗಳಲ್ಲಿ ಬಸ್ಸು ಹಿಡಿದು ಬರತೊಡಗಿದಳು. ಮೆಷಿನ್ನನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ ಒಂದೊಂದನ್ನೇ ಅಳೆದಳು.

"ದೊಡ್ಡಪ್ಪ, ಈ ಶಾಫ್ಟು ಯಾಕೆ ಇಷ್ಟು ದಪ್ಪ?"

"ಅವತ್ತು ಸಿಕ್ಕಿದ್ದೇ ಅಷ್ಟು ದಪ್ಪ ಕಣಮ್ಮ."

"ಹಂಗಂತ ಬರೆಯೋಕಾಗಲ್ಲ. ಎಷ್ಟಿರಬೇಕು ಹೇಳಿ."

ಎಷ್ಟಿರಬೇಕು ಎಂಬುದನ್ನು ಅವನು ಯಾವತ್ತೂ ಯೋಚಿಸಿರಲಿಲ್ಲ. ಎಷ್ಟಿದ್ದರೆ ನಡೆಯುತ್ತದೆ ಎಂದಷ್ಟೇ ಗೊತ್ತಿತ್ತು. ಐವತ್ತಾರನೆಯ ವಯಸ್ಸಿನಲ್ಲಿ ಅವನು ತನ್ನ ಮೆಷಿನ್ನನ್ನೇ ಹೊಸದಾಗಿ ಕಲಿತ. ಜರಡಿಯ ಓರೆ ಎಷ್ಟು ಡಿಗ್ರಿ, ರಬ್ಬರಿಗೂ ಜರಡಿಗೂ ನಡುವೆ ಎಷ್ಟು ಮಿಲಿಮೀಟರ್. ನಾಲ್ಕು ತಿಂಗಳ ಮೇಲೆ ನಕ್ಷೆ ಮುಗಿಯಿತು. ಅದರಂತೆ ಹೊಸ ಕಬ್ಬಿಣದಲ್ಲಿ ಎರಡು ಮೆಷಿನ್ ಮಾಡಿ ಪಕ್ಕಪಕ್ಕ ನಿಲ್ಲಿಸಿದಾಗ ಅವಳಿ ಮಕ್ಕಳಂತೆ ಕಂಡವು. ಶಿವಶಂಕರಪ್ಪ ಒಂದರ ಬೋಲ್ಟು ಬಿಚ್ಚಿ ಇನ್ನೊಂದಕ್ಕೆ ಹಾಕಿದ. ಕೂತಿತು. ಮತ್ತೆ ಬಿಚ್ಚಿ ಮತ್ತೆ ಹಾಕಿದ. ಎರಡನೆಯ ಸಲ ಪರೀಕ್ಷಾ ಕೇಂದ್ರಕ್ಕೆ ಹೋದಾಗ ಸರ್ಟಿಫಿಕೇಟು ಸಿಕ್ಕಿತು.

ಪಟ್ಟಿಗೆ ಅರ್ಜಿ ಹಾಕಲು ಹೋದರೆ ಅಲ್ಲಿ ಕಾರ್ಖಾನೆಯ ಲೈಸೆನ್ಸು ಕೇಳಿದರು. ಪಂಚಾಯ್ತಿಯಲ್ಲಿ ಲೈಸೆನ್ಸು ಕೇಳಿದರೆ, ಕೃಷಿ ಜಮೀನಿನಲ್ಲಿರುವ ಶೆಡ್ಡಿಗೆ ಕೊಡಲು ಬರುವುದಿಲ್ಲ, ಮೊದಲು ಭೂಪರಿವರ್ತನೆ ಮಾಡಿಸಿ ಎಂದರು. ಸೋಮವಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ ಪಹಣಿ ನೋಡಿ, "ಇದು ಯಾರ ಹೆಸರು?" ಎಂದ.

"ನಮ್ಮ ತಂದೆಯವರದು."

"ಅವರನ್ನ ಕರ್ಕೊಂಡು ಬನ್ನಿ."

"ತೀರ್ಕೊಂಡು ಹನ್ನೊಂದು ವರ್ಷ ಆಯ್ತು."

ಹಾಗಾದರೆ ಮೊದಲು ವಾರಸುದಾರರ ಹೆಸರಿಗೆ ಖಾತೆಯಾಗಬೇಕು, ಎಲ್ಲರ ಸಹಿ ಬೇಕು. ತಂಗಿ ಮಹಾದೇವಮ್ಮ ಕೇಳಿದ ದಿನವೇ ಸಹಿ ಹಾಕಿದಳು. ತಮ್ಮ ಹಾಕಲಿಲ್ಲ.

ಶಿವಶಂಕರಪ್ಪ ಅವನ ಮನೆಗೆ ಹೋದ ದಿನ ರೇಣುಕಪ್ರಸಾದ್ ಕಾಫಿ ಕೊಡಿಸಿ, ಕಾಗದವನ್ನು ಎರಡು ಸಲ ಓದಿ ಟೀಪಾಯಿಯ ಮೇಲಿಟ್ಟ.

"ನಿನ್ನ ಮೇಲೆ ಅನುಮಾನ ಅಲ್ಲ ಅಣ್ಣ. ರೋಡ್ ಪಕ್ಕದ ಜಾಗ ಅದು. ಅಲ್ಲಿ ನಿನ್ನ ಕಾರ್ಖಾನೆ ಎದ್ದು ಬಿಟ್ರೆ, ನಾಳೆ ಪಾಲು ಅಂತ ಬಂದಾಗ ನನಗುಳಿಯೋದು ಹಿಂದಿನ ಗದ್ದೆ. ನನಗೂ ಮಗಳಿದ್ದಾಳೆ."

"ಸಹಿ ಹಾಕಿದ್ರೆ ಪಾಲು ಹೋಗಲ್ಲ ಕಣೋ ಪ್ರಸಾದ."

"ಹಾಕದೇ ಇದ್ರೂ ಹೋಗಲ್ಲ ಅಲ್ವಾ?"

ಅಣ್ಣನಾದವನು ತಮ್ಮನ ಮುಂದೆ ಇನ್ನೆಷ್ಟು ಹೊತ್ತು ಕೈಯೊಡ್ಡಿ ಕೂರಬಹುದು? ಎದ್ದು ಬಂದ. ತಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ದಾರಿಯುದ್ದಕ್ಕೂ ನೋಡಿದ, ಸಿಗಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಸಾಲ ಕೇಳಲು ಹೋದ ಬ್ಯಾಂಕಿನಲ್ಲೂ ಅದೇ ಕಥೆ. ಸರ್ಟಿಫಿಕೇಟು ನೋಡಿ ಮ್ಯಾನೇಜರು ಶಹಬ್ಬಾಸ್ ಎಂದರು, ಪಹಣಿ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದರು.

ದಿವ್ಯಶ್ರೀ ಅಪ್ಪನ ಜೊತೆ ಏನು ಮಾತಾಡಿದಳೋ ಗೊತ್ತಿಲ್ಲ. ಮೂರು ತಿಂಗಳು ಅಪ್ಪ ಮಗಳಿಗೆ ಮಾತಿರಲಿಲ್ಲವೆಂದು ಆಮೇಲೆ ತಿಳಿಯಿತು. ಒಂದು ವರ್ಷ ಕಳೆದ ಮೇಲೆ ರೇಣುಕಪ್ರಸಾದ್ ತಾನೇ ಬೈಕಿನಲ್ಲಿ ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತೇ ಸಹಿ ಹಾಕಿ ಹೋದ. ಒಳಗೆ ಬಾ ಎಂದರೆ, ಸ್ಕೂಲಿಗೆ ಹೊತ್ತಾಯಿತು ಎಂದ. ಅಲ್ಲಿಂದ ಫೈಲು ಸರ್ವೆಯವರ ಬಳಿಗೆ ಹೋಯಿತು. ಸರ್ವೆಯವರು ಮಳೆಗಾಲ ಮುಗಿಯಲಿ ಎಂದರು.

ಅಷ್ಟರಲ್ಲಿ ಮೆಣಸಿನ ಎರಡು ಕೊಯ್ಲು ಕಳೆದಿದ್ದವು. ಮೂರನೆಯದು ಶುರುವಾಗುವ ಮುಂಚೆ ಉತ್ತಯ್ಯ ಬಂದರು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಶ್ರೀಮಂಗಲದಿಂದ ಅಷ್ಟು ದೂರ ಜೀಪು ಓಡಿಸಿಕೊಂಡು ಬಂದಿದ್ದರು. ಅವರು ಸ್ಟೂಲಿನ ಮೇಲೆ ಕೂರದೆ ನಿಂತಿದ್ದು ನೋಡಿಯೇ ಶಿವಶಂಕರಪ್ಪನಿಗೆ ಅರ್ಥವಾಯಿತು.

"ಹೊರಗಿನ ಕಂಪನಿಯೊಂದು ಪಟ್ಟೀಲಿತ್ತು. ಮೆಂಬರ್ಸ್ ಕಾಯಲಿಲ್ಲ, ಅದನ್ನೇ ತಗೊಂಡ್ರು. ನಾನು ಎಷ್ಟು ಹೇಳಿದೆ ಗೊತ್ತುಂಟಾ..."

"ನಿಮ್ಮ ತಪ್ಪೇನೂ ಇಲ್ಲ ಸಾರ್. ಎರಡು ವರ್ಷ ಯಾರು ಕಾಯ್ತಾರೆ?"

"ಆ ಮೆಷಿನ್ ನಿಮ್ಮದರಷ್ಟು ಚೆನ್ನಾಗಿಲ್ಲ, ನಾನೇ ಹೇಳ್ತೇನೆ."

"ಓಡುತ್ತೆ ತಾನೇ?"

"ಓಡ್ತದೆ."

ಸರ್ವಮಂಗಳ ಮನೆಯಿಂದ ಕಾಫಿ ತಂದಳು. ಉತ್ತಯ್ಯ ಕುಡಿದು, ಅವನ ಭುಜ ಒಮ್ಮೆ ಒತ್ತಿ ಹೊರಟರು. ಜೀಪಿನ ಸದ್ದು ತಿರುವು ದಾಟುವವರೆಗೂ ಶಿವಶಂಕರಪ್ಪ ಅಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು, ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಪಂಪಿನ ವಾಷರು ಬದಲಿಸಿ ಮುಗಿಸಿದ.

ಮುಂದಿನ ತಿಂಗಳು ರೇವಣ್ಣ ಹೊರಟುಹೋದ. ನಲವತ್ತು ಮೆಷಿನ್ನಿನ ಆಸೆಗೆ ಹಾಸನದಲ್ಲಿ ತಾನಾಗಿ ಬಂದಿದ್ದ ಒಂದು ಕೆಲಸ ಬೇಡವೆಂದಿದ್ದವನು, ಈಗ ಅಲ್ಲೇ ಹೋಗಿ ಕೇಳಿಕೊಂಡು ಸೇರಿದ. ಅಷ್ಟು ವರ್ಷ ಪಕ್ಕದಲ್ಲಿ ಕೇಳುತ್ತಿದ್ದ ವೆಲ್ಡಿಂಗಿನ ಚಿಟಪಟ ನಿಂತ ಮೇಲೆ ಶೆಡ್ಡು ಇದ್ದುದಕ್ಕಿಂತ ದೊಡ್ಡದಾಗಿ ಕಂಡಿತು.

ಮಳೆಗಾಲದ ಕೊನೆಗೆ ಸೋಮವಾರಪೇಟೆಯ ಚಿದಾನಂದ ಎಂಬವನು ಬಂದ. ಗೇಟು, ಗ್ರಿಲ್ಲು ಮಾಡುವ ದೊಡ್ಡ ವರ್ಕ್‌ಶಾಪಿತ್ತು ಅವನಿಗೆ. ಸ್ವಂತ ಜಾಗ, ಪರಿವರ್ತನೆಯಾದ ಭೂಮಿ, ಲೈಸೆನ್ಸು, ತ್ರೀ ಫೇಸ್ ಕರೆಂಟು. "ನನ್ನ ಹತ್ರ ಎಲ್ಲ ಕಾಗದ ಐತೆ, ಮೆಷಿನ್ ಇಲ್ಲ. ನಿಮ್ಮ ಹತ್ರ ಮೆಷಿನ್ ಐತೆ, ಕಾಗದ ಇಲ್ಲ. ನಕ್ಷೆ ಕೊಡ್ತೀರಾ? ಮಾರಿದ್ದರಲ್ಲಿ ನಿಮಗೂ ಪಾಲು ಕೊಡ್ತೀನಿ," ಎಂದ.

ಯೋಚಿಸಲು ಶಿವಶಂಕರಪ್ಪ ಒಂದು ವಾರದ ಸಮಯ ಕೇಳಿದ. ಫೈಲು ಇನ್ನೂ ಸರ್ವೆಯವರ ಮೇಜಿನ ಮೇಲಿತ್ತು. ವರ್ಷದೊಳಗೆ ಆಗಬಹುದು ಎಂದಿದ್ದರು. ಆದರೆ ಅವನಿಗೆ ಐವತ್ತೆಂಟು ದಾಟಿತ್ತು. ಎಡಗಣ್ಣಿಗೆ ಪೊರೆ ಬರುತ್ತಿದೆಯೆಂದು ಡಾಕ್ಟರು ಹೇಳಿದ್ದರು.

"ನೀನೇನಂತೀಯ?" ಎಂದು ಹೆಂಡತಿಯನ್ನು ಕೇಳಿದ.

ಸರ್ವಮಂಗಳ ಅಕ್ಕಿ ಆರಿಸುತ್ತಿದ್ದಳು. "ಕೊಡಿ ಅನ್ನಲ್ಲ, ಕೊಡಬೇಡಿ ಅಂತಲೂ ಅನ್ನಲ್ಲ. ಕೊಟ್ಟ ಮೇಲೆ ಯಾಕೆ ಕೊಟ್ಟೆ ಅಂತ ನನ್ನ ಮುಂದೆ ಕೊರಗಬೇಡಿ, ಅಷ್ಟೇ."

ದಿವ್ಯಶ್ರೀಗೆ ಫೋನು ಮಾಡಿದ. ಅವಳು ಎಲ್ಲ ಕೇಳಿಸಿಕೊಂಡು, "ಮೆಷಿನ್ ನಿಮ್ಮದು ದೊಡ್ಡಪ್ಪ. ಆದ್ರೆ ನಕ್ಷೆ ಮೂಲೇಲಿ ನನ್ನ ಹೆಸರಿದೆ, ಅದನ್ನ ಅಳಿಸಬಾರದು ಅಂತ ಹೇಳಿ," ಎಂದಳು.

ನಕ್ಷೆ ಕೊಡಲು ಒಪ್ಪಿ, ಚಿದಾನಂದನಿಗೆ ಅದನ್ನೂ ಹೇಳಿ, ತನ್ನದೊಂದು ಮಾತನ್ನೂ ಸೇರಿಸಿದ. "ರೇವಣ್ಣ ಅಂತ ಒಬ್ಬ ಹಾಸನದಲ್ಲಿದ್ದಾನೆ. ಅವನನ್ನ ಕರೆಸ್ಕೊಳ್ಳಿ. ಬೇರೆಯವರು ರಬ್ಬರ್ ಪಟ್ಟಿ ಕೂರಿಸಿದ್ರೆ ಸರಿಬರಲ್ಲ."

ಜನವರಿಯಲ್ಲಿ ಮೊದಲ ಮೆಷಿನ್ ತಯಾರಾಯಿತೆಂದು ರೇವಣ್ಣ ಫೋನು ಮಾಡಿದ. ಶಿವಶಂಕರಪ್ಪ ಒಗೆದ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಸೋಮವಾರಪೇಟೆಗೆ ಹೋದ. ವರ್ಕ್‌ಶಾಪಿನ ನಡುವೆ ಮೆಷಿನ್ ನಿಂತಿತ್ತು. ನೀಲಿ ಬಣ್ಣ, ಮೇಲೆ ಚಿದಾನಂದನ ಕಂಪನಿಯ ಹೆಸರು. ರೇವಣ್ಣ ಸ್ವಿಚ್ಚು ಒತ್ತಿ ಗೊಂಚಲುಗಳನ್ನು ಸುರಿದ. ಕಾಳು ಉದುರಿತು. ಶಿವಶಂಕರಪ್ಪ ಕಿವಿಗೊಟ್ಟು ಕೇಳಿದ. ಎಡಗಡೆಯ ಬೇರಿಂಗಿನಲ್ಲಿ ಸಣ್ಣದೊಂದು ಅದುರು ಇತ್ತು. ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ.

"ಏನಣ್ಣ, ಏನಾದ್ರೂ ಇದೆಯಾ?" ಎಂದ ರೇವಣ್ಣ.

ಶಿವಶಂಕರಪ್ಪ ಸ್ಪ್ಯಾನರ್ ಕೇಳಿದ. ಒಂದು ನಟ್ಟನ್ನು ಕಾಲು ಸುತ್ತು ಬಿಗಿಮಾಡಿ, ಮತ್ತೆ ಓಡಿಸಿ ನೋಡಿ, ಸ್ಪ್ಯಾನರ್ ವಾಪಸ್ ಕೊಟ್ಟ. "ಆ ಬಿಗಿ ಎಷ್ಟಿರಬೇಕು ಅಂತ ನಕ್ಷೇಲಿ ಇಲ್ಲ. ದಿವ್ಯಂಗೆ ಹೇಳಿ ಸೇರಿಸ್ತೀನಿ," ಎಂದ.

ಚಿದಾನಂದ ಊಟಕ್ಕೆ ನಿಲ್ಲಿ ಎಂದು ಬಲವಂತ ಮಾಡಿದ. ಎರಡು ಗಂಟೆಯ ಕೊಡ್ಲಿಪೇಟೆ ಬಸ್ಸು ತಪ್ಪುತ್ತದೆ, ಯಾರದೋ ಪಲ್ಪರ್ ಬಿಚ್ಚಿಟ್ಟು ಬಂದಿದ್ದೇನೆ ಎಂದು ಹೇಳಿ ಶಿವಶಂಕರಪ್ಪ ಹೊರಟ.