ಧರಣಪ್ಪ ಮಾವನ ಹಲಗೆ

ಧರಣಪ್ಪ ಮಾವನ ಜೊತೆ ಮಾತಾಡುವಾಗ ಮುಖ ತಿರುಗಿಸುವಂತಿರಲಿಲ್ಲ. ಹಡಗಿನ ಮೇಲೆ ಯುದ್ಧವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ಆ ಸದ್ದಿಗೆ ಎರಡು ಕಿವಿಯೂ ಹೋಗಿದ್ದವು. ನಮ್ಮ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

"ನಮ್ಮ ವಿಮಾನಕ್ಕೆ ನಿಂತಲ್ಲಿಂದ್ಲೇ ಮೇಲೇಳ್ಲಿಕ್ಕೂ ಬರ್ತದೆ ಮೋಳೇ, ಆದ್ರೆ ಎಣ್ಣೆ ಸಿಕ್ಕಾಪಟ್ಟೆ ಕುಡೀತದೆ. ಅದಕ್ಕೆ ಚೂರು ಓಡಿಸೋದು. ಇಳಿಯೋದು ಮಾತ್ರ ನೆಟ್ಟಗೆ, ಮೆಲ್ಲಗೆ!" ಎಂದು ಅಂಗೈಯನ್ನು ವಿಮಾನದಂತೆ ನನ್ನ ತಲೆಯ ಮೇಲೆ ಇಳಿಸುತ್ತಿದ್ದರು. ಮಗಳೇ ಎನ್ನಲು ಅವರಿಗೆ ಮಲಯಾಳದ 'ಮೋಳೇ'ಯೇ ಬಾಯಿಗೆ ಬರುತ್ತಿತ್ತು.

ವಯನಾಡು ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಆಗ ಮಾವ ನಿವೃತ್ತರಾಗಿ ಬಂದು ನಮ್ಮೂರು ತೋಲ್ಪೆಟ್ಟಿಯಲ್ಲಿ ಜೀಪು ರಿಪೇರಿಯ ಶೆಡ್ಡು ಹಾಕಿದರು. ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದರು. ಎಲ್ಲವೂ ತಮ್ಮ ಜಾಗಕ್ಕೆ ಬರುವವರೆಗೆ ಗಾಡಿ ಹೊರಡಕೂಡದು. ಅದು ಹಡಗಿನ ಕಾನೂನು.

"ಒಂದ್ಸಲ ಎಣಿಸದೆ ವಿಮಾನ ಬಿಡ್ಲಿಕ್ಕೆ ಸಹಿ ಹಾಕಿದೆ. ಹಾರಿಸಿಕೊಂಡು ಹೋದ ಹುಡ್ಗ ತಿರುಗಿ ಬರಲಿಲ್ಲ. ನನ್ನ ಸ್ಪ್ಯಾನರೇ ಕಾರಣವೋ ಏನೋ, ಸಮುದ್ರ ಹೇಳ್ತದಾ?"

ಅಮ್ಮ ಅವರಿಗೆ ಒಬ್ಬಳೇ ತಂಗಿ. ಅವಳಿಗೆ ಉಸಿರು ಕಟ್ಟಿದ ದಿನ ಊರಲ್ಲಿದ್ದ ಒಂದೇ ಜೀಪು ಮಾವನ ಶೆಡ್ಡಿನಲ್ಲಿತ್ತು, ರಿಪೇರಿ ಆಗಷ್ಟೇ ಮುಗಿದಿತ್ತು. ಅಮ್ಮನನ್ನು ಹಿಂದೆ ಮಲಗಿಸಿದೆವು. ಸೀಟು ಹತ್ತಿ ಕೀಲಿ ತಿರುಗಿಸಹೊರಟ ಮಾವ ಹಲಗೆ ನೋಡಿದರು, ಇಳಿದುಬಿಟ್ಟರು.

"ಒಂದು ಕಡಿಮೆ ಉಂಟು. ಗಾಡಿ ಬಿಡೋದಿಲ್ಲ."

"ಮಾವ, ಸಾಯ್ತಾಳೆ ಮಾವ! ನಿಮ್ಮ ಕಾನೂನಿಗೆ ಬೆಂಕಿ ಬೀಳ!" ಎಂದು ಕಿರುಚಿದೆ, ಅಂಗಿ ಹಿಡಿದು ಎಳೆದೆ. ಅವರು ನನ್ನ ಮುಖವನ್ನೇ ನೋಡಲಿಲ್ಲ. ಜೀಪಿನಡಿ ಹೊಕ್ಕರು, ಬಾನೆಟ್ ಎತ್ತಿ ಕೈಯಾಡಿಸಿದರು. ಕಾಲು ಗಂಟೆಯಾದ ಮೇಲೆ ಫ್ಯಾನಿನ ಪಕ್ಕದಲ್ಲಿ ಸಿಕ್ಕಿತು.

"ಕಂಡ್ಯಾ? ಬೇಗೂರು ಕಾಡಿನ ನಡುವೆ ನಿಂತುಬಿಡ್ತಿತ್ತು!" ಸ್ಪ್ಯಾನರನ್ನು ಹಲಗೆಗೆ ಸಿಕ್ಕಿಸಿಯೇ ಜೀಪು ಹತ್ತಿದರು.

ಮಾನಂದವಾಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನ ನಾಡಿ ಹಿಡಿದು, ಕೈ ಕೆಳಗಿಟ್ಟರು. ಸ್ವಲ್ಪ ಮೊದಲೇ ತಂದಿದ್ದರೆ ಉಳಿಯುತ್ತಿದ್ದಳು ಎಂದು ಮಲಯಾಳದಲ್ಲಿ ನನಗೆ ಹೇಳಿದರು. ಮಾವ ಬಾಗಿಲಲ್ಲಿದ್ದರು. ಅವರಿಗೆ ಕಂಡದ್ದು ಡಾಕ್ಟರ ಬೆನ್ನು ಮಾತ್ರ.

ಆಮೇಲೂ ಮಾವ ಸ್ಪ್ಯಾನರು ಎಣಿಸುತ್ತಲೇ ಇದ್ದರು. ನಾನು ಅವರಿಗೆ ಗಂಜಿ ಕೊಡುತ್ತಿದ್ದೆ, ಸಿಟ್ಟನ್ನೂ ಇಟ್ಟುಕೊಂಡಿದ್ದೆ. ಎಷ್ಟೋ ವರ್ಷ ಅವರು ಆ ದಿನದ ಮಾತೆತ್ತಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಸಂಜೆ ನನ್ನ ಕೈ ಹಿಡಿದುಕೊಂಡರು.

"ಮೋಳೇ, ಡಾಕ್ಟ್ರು ಅವತ್ತು ಏನಂದ್ರು?"

ಏನೂ ಮಾಡುವ ಹಾಗಿರಲಿಲ್ಲವಂತೆ ಎನ್ನುವ ಸುಳ್ಳು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅಯ್ಯೋ, ಅಷ್ಟು ಹೇಳಿದ್ದರೆ ಸಾಕಿತ್ತು. ಅಳು ಒತ್ತರಿಸಿ ಬಂತು, ಮುಖ ತಿರುಗಿಸಿಬಿಟ್ಟೆ.

ಮತ್ತೆ ಅವರತ್ತ ನೋಡುವಷ್ಟರಲ್ಲಿ ಮಾವ ಉತ್ತರ ಸಿಕ್ಕವರಂತೆ ನನ್ನ ಕೈ ಬಿಟ್ಟಿದ್ದರು.